ಕಾಣದ ಗ್ರಹಗಳ ಲೆಕ್ಕ: ಶಿಕಾಗೋ–ಡೆಟ್ರಾಯ್ಟ್ ಸೀಮೆಯ ಒಂದು ಖಗೋಳ ಪರಂಪರೆ

ದೇವಯಾನಿ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೆ ಮಂಕಾಗಿ ಕಾಣುವ ಉಪ್ಸಿಲಾನ್ ಆಂಡ್ರೊಮೀಡೆ ಎಂಬ ನಕ್ಷತ್ರವು ಭೂಮಿಯಿಂದ ಸುಮಾರು 44 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ, ಅಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರಿಗೆ, ಒಂದು ಜ್ಯೋತಿರ್ವರ್ಷವೆಂದು ಹೆಸರು. ಸೂರ್ಯನ ಜಾತಿಗೇ ಸೇರಿದ, ಆದರೆ ಅದಕ್ಕಿಂತ ತುಸು ಬಿಸಿಯೂ ತುಸು ಭಾರವೂ ಆದ ಈ ನಕ್ಷತ್ರವನ್ನು ಮೂರು ದೈತ್ಯ ಗ್ರಹಗಳು ಸುತ್ತುತ್ತಿವೆ ಎಂಬುದು 1999ರ ಏಪ್ರಿಲ್‌ನಲ್ಲಿ ಪ್ರಕಟವಾದಾಗ, ಸೂರ್ಯನಂಥ ಇನ್ನೊಂದು ನಕ್ಷತ್ರಕ್ಕೂ ಒಂದಕ್ಕಿಂತ ಹೆಚ್ಚು ಗ್ರಹಗಳ ಸಂಸಾರವಿದೆಯೆಂಬ ಮಾತು ಮೊದಲ ಬಾರಿಗೆ ಪುರಾವೆಯೊಡನೆ ಹೊರಬಂದಂತಾಯಿತು. ಆ ಪುರಾವೆಯನ್ನು ಒದಗಿಸಿದ ದೂರದರ್ಶಕಗಳಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ ಮತ್ತು ಅರಿಜೋನಾದಲ್ಲಿ. ಆದರೆ ಕಣ್ಣಿಗೆ ಬೀಳದ ಗ್ರಹವೊಂದು ಇದೆಯೆಂದು ಹೇಳುವವನು ಯಾವ ಪರೀಕ್ಷೆಗಳನ್ನು ದಾಟಬೇಕು ಎಂಬುದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ತಪ್ಪಿಯೂ ತಿದ್ದಿಕೊಂಡೂ ಕಲಿತ ಸೀಮೆಗಳಲ್ಲಿ ಅಮೆರಿಕದ ಮಹಾಸರೋವರಗಳ ದಂಡೆಯ ಶಿಕಾಗೋ ಮತ್ತು ಡೆಟ್ರಾಯ್ಟ್ ಪ್ರದೇಶಗಳಿಗೆ ಮುಖ್ಯ ಸ್ಥಾನವಿದೆ. ಗ್ರಹಶೋಧದ ಚರಿತ್ರೆ ಬರೆದವರು ಈ ಪಾಲನ್ನು ಬಿಡಿಬಿಡಿಯಾಗಿ ಹೇಳಿದ್ದಾರೆಯೇ ಹೊರತು ಒಂದೇ ಎಳೆಯಾಗಿ ನೋಡಿದ್ದು ಕಡಿಮೆ.

ಈ ಎಳೆಯ ಹಳೆಯ ತುದಿ ಡೆಟ್ರಾಯ್ಟ್ ಕಡೆಗಿದೆ. ಮಿಶಿಗನ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಹೆನ್ರಿ ಫಿಲಿಪ್ ಟಪ್ಪನ್ ಅವರ ಉತ್ಸಾಹದಿಂದ ಆನ್ ಆರ್ಬರ್ ಊರಿನಲ್ಲಿ 1854ರಲ್ಲಿ ಎದ್ದುನಿಂತ ವೀಕ್ಷಣಾಲಯಕ್ಕೆ ಹಣ ಕೊಟ್ಟವರು ಡೆಟ್ರಾಯ್ಟಿನ ನಾಗರಿಕರಾದ್ದರಿಂದ, ಕಟ್ಟಡ ಬೇರೆ ಊರಿನಲ್ಲಿದ್ದರೂ ಅದಕ್ಕೆ ಡೆಟ್ರಾಯ್ಟ್ ವೀಕ್ಷಣಾಲಯವೆಂಬ ಹೆಸರೇ ನಿಂತಿತು. ಬರ್ಲಿನ್ನಿನಿಂದ ತರಿಸಿದ ಯಾಮ್ಯೋತ್ತರ ಚಕ್ರ, ಅಂದರೆ ನಕ್ಷತ್ರವು ದಕ್ಷಿಣೋತ್ತರ ರೇಖೆಯನ್ನು ದಾಟುವ ಕ್ಷಣವನ್ನು ಹಿಡಿದು ಅದರ ಸ್ಥಾನವನ್ನು ಕರಾರುವಾಕ್ಕಾಗಿ ಗುರುತಿಸುವ ಉಪಕರಣ, ಅಲ್ಲಿನ ಮುಖ್ಯ ಆಸ್ತಿಯಾಗಿತ್ತು. ಅದರೊಂದಿಗೆ ಬರ್ಲಿನ್ನಿನಿಂದಲೇ ಬಂದ ಫ್ರಾಂಝ್ ಬ್ರುನೋ ಮೊದಲ ನಿರ್ದೇಶಕರಾದರು. ಅವರ ಶಿಷ್ಯ ಜೇಮ್ಸ್ ಕ್ರೇಗ್ ವಾಟ್ಸನ್ 22 ಕ್ಷುದ್ರಗ್ರಹಗಳನ್ನು ಕಂಡುಹಿಡಿದು ಹೆಸರಾದವರು. ಬುಧಗ್ರಹದ ಕಕ್ಷೆಯಲ್ಲಿನ ಒಂದು ಸಣ್ಣ ವ್ಯತ್ಯಾಸಕ್ಕೆ ಕಾರಣವಾಗಿ ಸೂರ್ಯನ ಸಮೀಪದಲ್ಲಿ ವಲ್ಕನ್ ಎಂಬ ಗ್ರಹ ಇರಬೇಕೆಂದು ಫ್ರಾನ್ಸಿನ ಲವೆರಿಯೆ 1859ರಲ್ಲಿ ಹೇಳಿದ್ದನ್ನು ನಂಬಿದ ವಾಟ್ಸನ್, 1878ರ ಜುಲೈ 29ರ ಪೂರ್ಣ ಸೂರ್ಯಗ್ರಹಣದ ಕತ್ತಲಲ್ಲಿ ವಯೋಮಿಂಗ್ ಪ್ರದೇಶದಿಂದ ಅದನ್ನು ಕಂಡೆನೆಂದು ಸಾರಿದರು. ಬೇರೆಯವರಿಗೆ ಅದು ಮತ್ತೆ ಕಾಣಸಿಗಲಿಲ್ಲ. ವಾಟ್ಸನ್ 1880ರಲ್ಲಿ, 42ನೆಯ ವಯಸ್ಸಿನಲ್ಲಿ, ಆ ನಂಬಿಕೆಯನ್ನು ಬಿಡದೆಯೇ ತೀರಿಕೊಂಡರು. ಬುಧನ ವ್ಯತ್ಯಾಸಕ್ಕೆ ಗ್ರಹವೇ ಬೇಕಿಲ್ಲವೆಂಬುದು 1915ರಲ್ಲಿ ಐನ್‌ಸ್ಟೈನ್ ಅವರ ಸಿದ್ಧಾಂತ ಬಂದ ಮೇಲೆ ಖಚಿತವಾಯಿತು. ಚಲನೆಯಲ್ಲಿ ಕಂಡ ದೋಷಕ್ಕೆ ಕಾಣದ ಕಾಯವೊಂದನ್ನು ಹೊಣೆಮಾಡುವ ಯುಕ್ತಿ ಕೆಲವೊಮ್ಮೆ ಎಷ್ಟು ದೊಡ್ಡ ವಿದ್ವಾಂಸನನ್ನೂ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದು ಈ ಸೀಮೆಯ ಮೊದಲ ನಿದರ್ಶನ.

ಅದೇ ಯುಕ್ತಿ ನಿಜವಾಗಿ ಫಲಿಸಿದ ನಿದರ್ಶನವೂ ಈ ಸೀಮೆಗೇ ಬಂದು ಸೇರಿತು. ಲುಬ್ಧಕ ನಕ್ಷತ್ರವು ಆಕಾಶದಲ್ಲಿ ನೇರವಾಗಿ ಸರಿಯದೆ ಅಲೆಯಂತೆ ಅತ್ತಿತ್ತ ಬಾಗುತ್ತ ಸರಿಯುವುದನ್ನು ಕಂಡ ಜರ್ಮನಿಯ ಬೆಸೆಲ್, ಅದಕ್ಕೊಂದು ಕಾಣದ ಸಂಗಾತಿ ಇರಬೇಕೆಂದು 1844ರಲ್ಲಿ ಬರೆದಿದ್ದರು. ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕಾಗಿ ತಯಾರಾಗುತ್ತಿದ್ದ 18.5 ಅಂಗುಲ ವ್ಯಾಸದ ಮಸೂರವನ್ನು 1862ರ ಜನವರಿ 31ರಂದು ಪರೀಕ್ಷಿಸುತ್ತಿದ್ದ ಆಲ್ವನ್ ಗ್ರಹಾಂ ಕ್ಲಾರ್ಕ್ ಅವರಿಗೆ ಆ ಸಂಗಾತಿ ಮಿಣುಕು ಚುಕ್ಕೆಯಾಗಿ ಕಂಡಿತು. ಅಂತರ್ಯುದ್ಧದಿಂದಾಗಿ ದಕ್ಷಿಣದ ರಾಜ್ಯಕ್ಕೆ ಹೋಗಲಾರದ ಮಸೂರವನ್ನು ಶಿಕಾಗೋದ ಖಗೋಳಾಸಕ್ತ ನಾಗರಿಕರು ಕೊಂಡು, ಡಿಯರ್ಬಾರ್ನ್ ವೀಕ್ಷಣಾಲಯವನ್ನು ಕಟ್ಟಿ ಅದರಲ್ಲಿ ಕೂರಿಸಿದರು. ಮುಂದೆ 1880ರ ದಶಕದ ಕೊನೆಗೆ ವೀಕ್ಷಣಾಲಯವು ನಗರದ ಉತ್ತರಕ್ಕಿರುವ ಎವನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡಿತು.

ಆ ವೀಕ್ಷಣಾಲಯದ ನೆರೆಯಲ್ಲೇ ಮನೆ ಮಾಡಿಕೊಂಡಿದ್ದ ಶೆರ್ಬರ್ನ್ ವೆಸ್ಲಿ ಬರ್ನಂ ಎಂಬವರು ವೃತ್ತಿಯಿಂದ ನ್ಯಾಯಾಲಯದ ಶೀಘ್ರಲಿಪಿಕಾರ. ಹಗಲೆಲ್ಲ ವಾದಪ್ರತಿವಾದಗಳನ್ನು ಬರೆದುಕೊಂಡು, ರಾತ್ರಿ ತಮ್ಮ ಹಿತ್ತಿಲ 6 ಅಂಗುಲದ ದೂರದರ್ಶಕದಿಂದ ಜೋಡಿ ನಕ್ಷತ್ರಗಳನ್ನು, ಅಂದರೆ ಒಂದನ್ನೊಂದು ಸುತ್ತುತ್ತಿರುವ ಎರಡು ಸೂರ್ಯರನ್ನು, ಹುಡುಕುತ್ತಿದ್ದ ಈ ಮನುಷ್ಯ 1873ರಲ್ಲಿ 81 ಹೊಸ ಜೋಡಿಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಯುರೋಪಿನ ಪರಿಣತರು ಬೆರಗಾದರು, ಏಕೆಂದರೆ ಆ ಆಕಾಶವನ್ನು ಅವರು ತಮ್ಮ ದೊಡ್ಡ ದೂರದರ್ಶಕಗಳಿಂದ ಆಗಲೇ ಜಾಲಾಡಿಬಿಟ್ಟಿದ್ದರು. ಬರ್ನಂ ಅವರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡುವುದು ಅಗತ್ಯ. ದೂರದರ್ಶಕದ ಕಣ್ಣಿನ ತುದಿಗೆ ಸೂಕ್ಷ್ಮಮಾಪಕವೆಂಬ ಪುಟ್ಟ ಚೌಕಟ್ಟನ್ನು ತಗುಲಿಸಿ, ಅದರೊಳಗೆ ಬಿಗಿದ ಜೇಡರ ಬಲೆಯ ಎಳೆಗಳಲ್ಲಿ ಒಂದನ್ನು ಒಂದು ನಕ್ಷತ್ರದ ಮೇಲೆ ನಿಲ್ಲಿಸಿ, ಇನ್ನೊಂದನ್ನು ತಿರುಪಿನಿಂದ ಸರಿಸುತ್ತ ಎರಡನೆಯ ನಕ್ಷತ್ರಕ್ಕೆ ತಂದು, ತಿರುಪು ಎಷ್ಟು ಸುತ್ತು ತಿರುಗಿತೆಂಬುದರಿಂದ ಅವೆರಡರ ಅಂತರವನ್ನು, ಚೌಕಟ್ಟು ಎಷ್ಟು ವಾಲಿತೆಂಬುದರಿಂದ ಅವುಗಳ ದಿಕ್ಕನ್ನು ಓದಬೇಕಿತ್ತು. ಅಂತರವನ್ನು ಅಳೆಯುತ್ತಿದ್ದದ್ದು ಆರ್ಕ್‌ಸೆಕೆಂಡುಗಳಲ್ಲಿ. ಒಂದು ಡಿಗ್ರಿಯ 3,600ನೆಯ ಒಂದು ಪಾಲು ಆರ್ಕ್‌ಸೆಕೆಂಡು, ಅಂದರೆ 25 ಮಿಲಿಮೀಟರ್ ಅಗಲದ ನಾಣ್ಯವೊಂದು 5 ಕಿಲೋಮೀಟರ್ ದೂರದಿಂದ ಎಷ್ಟು ಕಂಡೀತೋ ಅಷ್ಟು. ಗಾಳಿ ಕದಲಿದರೆ ನಕ್ಷತ್ರ ಕುಣಿಯುತ್ತದೆ, ಕಣ್ಣು ದಣಿದರೆ ಎಳೆ ಎರಡಾಗುತ್ತದೆ, ಪ್ರತಿಯೊಬ್ಬ ವೀಕ್ಷಕನ ಕೈಗೂ ತನ್ನದೇ ಆದ ಒಂದು ವಾಲು ಇರುತ್ತದೆ. ಇಂಥ ಅಳತೆಗಳನ್ನು ದಶಕಗಟ್ಟಲೆ ಕೂಡಿಹಾಕಿ ಬರ್ನಂ 1906ರಲ್ಲಿ ಹೊರತಂದ ಮಹಾಸೂಚಿಯಲ್ಲಿ 13,665 ಜೋಡಿಗಳ ವಿವರವಿದೆ.

ಆ ಜೋಡಿಗಳಲ್ಲೊಂದು ಈ ಚರಿತ್ರೆಯ ನಡುಮನೆಗೆ ಬರುತ್ತದೆ. ಉರಗಧರ ಪುಂಜದ 70 ಒಫಿಯೂಕಿ ಎಂಬುದು ಸುಮಾರು 16.7 ಜ್ಯೋತಿರ್ವರ್ಷ ದೂರದ, ಸೂರ್ಯನಿಗಿಂತ ಸ್ವಲ್ಪ ಚಿಕ್ಕದಾದ ಎರಡು ಕಿತ್ತಳೆ ನಕ್ಷತ್ರಗಳ ಜೋಡಿ. ಅವು ಸುಮಾರು 88 ವರ್ಷಗಳಿಗೊಮ್ಮೆ ಒಂದನ್ನೊಂದು ಸುತ್ತಿ ಮುಗಿಸುತ್ತವೆ. ಈ ಜೋಡಿಯ ಅಳತೆಗಳು ಲೆಕ್ಕದ ಕಕ್ಷೆಗೆ ಸರಿಯಾಗಿ ಕೂಡದಿರುವುದನ್ನು ಕಂಡು, ಅಲ್ಲೊಂದು ಗ್ರಹ ಇರುವುದು ಬಹಳ ಸಂಭವನೀಯವೆಂದು 1855ರಲ್ಲೇ ಬರೆದವರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೀಕ್ಷಣಾಲಯದ ನಿರ್ದೇಶಕ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ಬೇರೊಂದು ನಕ್ಷತ್ರದ ಗ್ರಹದ ಬಗ್ಗೆ ಅಳತೆಗಳ ಆಧಾರದ ಮೇಲೆ ಮಂಡಿತವಾದ ತೀರ ಮೊದಲ ವಾದಗಳಲ್ಲೊಂದು ಹೀಗೆ ನಮ್ಮ ಪಕ್ಕದ ಮದರಾಸಿನಿಂದ ಹೊರಟಿತೆಂಬುದನ್ನು ದಕ್ಷಿಣ ಭಾರತದ ಓದುಗರು ನೆನಪಿಡುವುದು ನ್ಯಾಯ. ನಲವತ್ತು ವರ್ಷಗಳ ತರುವಾಯ ಆ ಎಳೆಯನ್ನು ಎತ್ತಿಕೊಂಡವರು, ಆಗಷ್ಟೇ ಹೊಸದಾಗಿ ಸ್ಥಾಪನೆಯಾಗಿದ್ದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಥಾಮಸ್ ಜೆಫರ್ಸನ್ ಜ್ಯಾಕ್ಸನ್ ಸೀ. ಜೋಡಿಯ ಚಲನೆಯಲ್ಲಿ ನಿಯತಕಾಲಿಕವಾದ ಒಂದು ಏರಿಳಿತವಿದೆ, ಅದಕ್ಕೆ 36 ವರ್ಷಕ್ಕೊಂದು ಸುತ್ತು ಹಾಕುವ ಕತ್ತಲ ಕಾಯವೊಂದು ಕಾರಣ ಎಂದು ಅವರು 1896ರಲ್ಲಿ ಅಮೆರಿಕದ ಪ್ರಮುಖ ಖಗೋಳ ಪತ್ರಿಕೆಯಲ್ಲಿ ವಾದಿಸಿದರು.

ಸೀ ಅವರ ವಾದಕ್ಕೆ ಉತ್ತರ ಬಂದದ್ದು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯಿಂದ. ಮಿಶಿಗನ್ ರಾಜ್ಯದ ಲೆ ರಾಯ್ ಎಂಬ ಹಳ್ಳಿಯಲ್ಲಿ 1872ರಲ್ಲಿ ಹುಟ್ಟಿ, ಅದೇ ರಾಜ್ಯದ ಆಲ್ಬಿಯನ್ ಕಾಲೇಜಿನಲ್ಲಿ ಓದಿ, 1899ರಲ್ಲಿ ಶಿಕಾಗೋದಿಂದ ಡಾಕ್ಟರೇಟ್ ಪಡೆದ ಫಾರೆಸ್ಟ್ ರೇ ಮೌಲ್ಟನ್ ದೂರದರ್ಶಕದ ಬಳಿಗೆ ಹೋಗದೆ ಕಾಗದದ ಮೇಲೆ ಒಂದೇ ಪ್ರಶ್ನೆಯನ್ನು ಹಿಡಿದರು: ಸೀ ಹೇಳುವ ಕಾಯ ನಿಜವಾಗಿ ಇದ್ದರೆ, ಅದು ಅಲ್ಲಿ ಎಷ್ಟು ಕಾಲ ನಿಂತೀತು? ಮೂರು ಕಾಯಗಳು ಪರಸ್ಪರ ಸೆಳೆಯುವಾಗ ಅವುಗಳ ಚಲನೆ ಏನಾಗುತ್ತದೆಂಬುದು ಖಗೋಳ ಗಣಿತದ ಕಡುಕಷ್ಟದ ಸಮಸ್ಯೆ. ಇಂದು ತಿಳಿದಿರುವ ಬೆಲೆಗಳನ್ನು ಇಟ್ಟು ನೋಡಿದರೆ ಮೌಲ್ಟನ್ ಅವರ ಆಕ್ಷೇಪದ ಬಲ ಸುಲಭವಾಗಿ ಮನವರಿಕೆಯಾಗುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವನ್ನು ಒಂದು ಖಗೋಳಮಾನವೆಂದು ಕರೆದರೆ, ಎರಡು ನಕ್ಷತ್ರಗಳ ನಡುವಿನ ಸರಾಸರಿ ದೂರ ಸುಮಾರು 23 ಖಗೋಳಮಾನ. ಆದರೆ ಕಕ್ಷೆ ಬಹಳ ಲಂಬಿಸಿದ ದೀರ್ಘವೃತ್ತವಾದ್ದರಿಂದ ಪ್ರತಿ ಸುತ್ತಿನಲ್ಲೂ ಅವು ಸುಮಾರು 11.6 ಖಗೋಳಮಾನದಷ್ಟು ಹತ್ತಿರ ಬಂದು ಹೋಗುತ್ತವೆ. ಅವುಗಳಲ್ಲೊಂದನ್ನು 36 ವರ್ಷಕ್ಕೊಮ್ಮೆ ಸುತ್ತಬೇಕಾದ ಕಾಯವು ಕೆಪ್ಲರ್ ನಿಯಮದಂತೆ ಆ ನಕ್ಷತ್ರದಿಂದ ಸುಮಾರು 10 ಖಗೋಳಮಾನ ದೂರದಲ್ಲಿರಬೇಕು, ಅಂದರೆ 88 ವರ್ಷಕ್ಕೊಮ್ಮೆ ಎರಡನೆಯ ನಕ್ಷತ್ರವು ಹೆಚ್ಚುಕಡಿಮೆ ಅದರ ದಾರಿಯನ್ನೇ ತುಳಿದುಕೊಂಡು ಹೋಗುತ್ತದೆ. ಅಂಥ ಕಾಯ ತನ್ನ ಕಕ್ಷೆಯಲ್ಲಿ ಉಳಿಯಲಾರದು ಎಂದು ಮೌಲ್ಟನ್ 1899ರಲ್ಲಿ ತೋರಿಸಿದರು. ಕೆರಳಿದ ಸೀ ಕಳಿಸಿದ ಉತ್ತರವನ್ನು ಪತ್ರಿಕೆ ಬಹುವಾಗಿ ಮೊಟಕುಗೊಳಿಸಿಯೇ ಅಚ್ಚುಹಾಕಿತು, ಮತ್ತು ಆ ಪ್ರಕರಣದಿಂದ ಅವರ ವಿದ್ವತ್ ಗೌರವಕ್ಕೆ ಬಿದ್ದ ಪೆಟ್ಟು ಕೊನೆಯವರೆಗೂ ಮಾಯಲಿಲ್ಲ. ಸೀ ಅವರನ್ನು ಬರಿಯ ಅಹಂಕಾರಿಯೆಂದು ಬದಿಗಿಡುವುದು ಸುಲಭ. ಆದರೆ ಅವರು ಮುಂದಿಟ್ಟ ಪ್ರಶ್ನೆ ದೊಡ್ಡದಾಗಿತ್ತು, ಮತ್ತು ಆ ಪ್ರಶ್ನೆ ಇರದಿದ್ದರೆ ಮೌಲ್ಟನ್ ಅವರ ಉತ್ತರವೂ ಹುಟ್ಟುತ್ತಿರಲಿಲ್ಲ. ಕಕ್ಷೆಯ ಸ್ಥಿರತೆಯೇ ಗ್ರಹದ ಅಸ್ತಿತ್ವಕ್ಕೆ ಸಾಕ್ಷಿ ಹೇಳಬೇಕೆಂಬ ನಿಯಮ ಇಲ್ಲಿ ಮೊಳೆಯಿತು.

ವಿಚಿತ್ರವೆಂದರೆ, ಇದೇ ಮೌಲ್ಟನ್ ಮುಂದೆ ಅನ್ಯಗ್ರಹಗಳ ಆಸೆಯನ್ನೇ ಬಹುಕಾಲ ಬತ್ತಿಸಿದ ಸಿದ್ಧಾಂತಕ್ಕೂ ಕಾರಣರಾದರು. ಸುತ್ತುತ್ತಿದ್ದ ಅನಿಲದ ಮೋಡವೊಂದು ಕುಗ್ಗಿ ಸೂರ್ಯನೂ ಗ್ರಹಗಳೂ ಒಟ್ಟಿಗೆ ಹುಟ್ಟಿದವೆಂಬ ಹಳೆಯ ನೀಹಾರಿಕಾ ವಾದಕ್ಕೆ ಒಂದು ತೊಡಕಿತ್ತು: ಸೌರವ್ಯೂಹದ ದ್ರವ್ಯದಲ್ಲಿ ಶೇಕಡ 99ಕ್ಕೂ ಹೆಚ್ಚು ಸೂರ್ಯನಲ್ಲೇ ಇದ್ದರೂ, ಕೋನೀಯ ಸಂವೇಗದ, ಅಂದರೆ ಸುತ್ತುವಿಕೆಯ ಒಟ್ಟು ಮೊತ್ತದ, ಬಹುಪಾಲು ಗ್ರಹಗಳ ಬಳಿ ಇದೆ. ಇದಕ್ಕೆ ಪರಿಹಾರವಾಗಿ ಶಿಕಾಗೋದ ಭೂವಿಜ್ಞಾನಿ ಥಾಮಸ್ ಕ್ರೌಡರ್ ಚೇಂಬರ್ಲಿನ್ ಮತ್ತು ಮೌಲ್ಟನ್ 1905ರ ಹೊತ್ತಿಗೆ ರೂಪಿಸಿದ ವಾದದಂತೆ, ಸೂರ್ಯನ ಹತ್ತಿರದಿಂದ ಹಾದುಹೋದ ಇನ್ನೊಂದು ನಕ್ಷತ್ರದ ಸೆಳೆತಕ್ಕೆ ಸಿಕ್ಕಿ ಚಿಮ್ಮಿದ ದ್ರವ್ಯವು ತಣಿದು ಅಸಂಖ್ಯ ಚಿಕ್ಕ ಘನಕಾಯಗಳಾಗಿ, ಅವು ಒಂದಕ್ಕೊಂದು ಅಂಟಿ ಬೆಳೆದು ಗ್ರಹಗಳಾದವು. ನಕ್ಷತ್ರಗಳ ನಡುವಿನ ಅಂತರ ಅಪಾರವಾದ್ದರಿಂದ ಅಂಥ ಭೇಟಿ ಅತ್ಯಪರೂಪ. ಹಾಗಾದರೆ ಗ್ರಹಗಳುಳ್ಳ ನಕ್ಷತ್ರಗಳೂ ಅತ್ಯಪರೂಪ ಎಂಬ ತೀರ್ಮಾನ ಇದರಿಂದ ಅನಿವಾರ್ಯವಾಯಿತು. ಕಿತ್ತುಬಂದ ಬಿಸಿ ಅನಿಲ ಕೂಡಿಕೊಳ್ಳುವ ಬದಲು ಚೆದುರಿಹೋಗುತ್ತದೆಂದು ಲೈಮನ್ ಸ್ಪಿಟ್ಸರ್ 1939ರಲ್ಲಿ ತೋರಿಸಿದ ಮೇಲೆ ನಕ್ಷತ್ರಭೇಟಿಯ ಭಾಗ ಬಿದ್ದುಹೋಯಿತು. ಚಿಕ್ಕ ಘನಕಾಯಗಳು ಕೂಡಿ ಗ್ರಹವಾಗುತ್ತವೆಂಬ ಭಾಗ ಮಾತ್ರ ಇಂದಿಗೂ ಗ್ರಹೋತ್ಪತ್ತಿ ಶಾಸ್ತ್ರದ ಬುನಾದಿಯಾಗಿ ನಿಂತಿದೆ.

ಈ ನಡುವೆ ಉಪಕರಣಗಳು ಬೆಳೆಯುತ್ತಿದ್ದವು. ಶಿಕಾಗೋದ ಟ್ರಾಂ ಉದ್ಯಮಿ ಚಾರ್ಲ್ಸ್ ಯರ್ಕಿಸ್ ಅವರ ಹಣದಿಂದ, ಜಾರ್ಜ್ ಎಲರಿ ಹೇಲ್ ಅವರ ಛಲದಿಂದ, ವಿಸ್ಕಾನ್ಸಿನ್ ಗಡಿಯಾಚೆಯ ವಿಲಿಯಮ್ಸ್ ಬೇ ಊರಿನಲ್ಲಿ 1897ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಯರ್ಕಿಸ್ ವೀಕ್ಷಣಾಲಯದ 40 ಅಂಗುಲದ ಮಸೂರವು ಆ ಬಗೆಯ ದೂರದರ್ಶಕಗಳಲ್ಲಿ ಅಂದಿಗೂ ಇಂದಿಗೂ ಅತಿ ದೊಡ್ಡದು. ವೀಕ್ಷಕನನ್ನು ಕಣ್ಣಿನ ತುದಿಯವರೆಗೆ ಎತ್ತಲು ಗುಮ್ಮಟದ ಇಡೀ ನೆಲವೇ ಏರಿಳಿಯುವಂತೆ ಕಟ್ಟಿದ್ದರು. ಉದ್ಘಾಟನೆಗೆ ಕೆಲವೇ ತಿಂಗಳು ಮುಂಚೆ ಆ ನೆಲ ಹಗ್ಗ ಕಡಿದು ಕುಸಿದುಬಿದ್ದರೂ ಮಸೂರಕ್ಕೆ ಹಾನಿಯಾಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಅತ್ತ ಆನ್ ಆರ್ಬರಿನಲ್ಲಿ ವಿಲಿಯಂ ಜೋಸೆಫ್ ಹಸಿ ಅವರ ಕಾಲಕ್ಕೆ, 1911ರಲ್ಲಿ, ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ಕೆಲಸಕ್ಕೆಂದೇ 37.5 ಅಂಗುಲದ ದರ್ಪಣ ದೂರದರ್ಶಕ ಸಿದ್ಧವಾಯಿತು. ಹಸಿ ಅವರ ಸಹಪಾಠಿಯಾಗಿದ್ದ ಶಿಕಾಗೋದ ಉದ್ಯಮಿ ರಾಬರ್ಟ್ ಲಾಮಂಟ್ ಕೊಟ್ಟ ಹಣದಿಂದ ದಕ್ಷಿಣ ಆಫ್ರಿಕಾದಲ್ಲಿ ಜೋಡಿ ನಕ್ಷತ್ರಗಳಿಗಾಗಿಯೇ ಒಂದು ವೀಕ್ಷಣಾಲಯವನ್ನೂ ಮಿಶಿಗನ್ ವಿಶ್ವವಿದ್ಯಾಲಯ ಸ್ಥಾಪಿಸಿತು, ಆದರೆ ಹಸಿ ಅಲ್ಲಿಗೆ ಹೋಗುವ ದಾರಿಯಲ್ಲಿ 1926ರಲ್ಲಿ ಲಂಡನ್ನಿನಲ್ಲಿ ನಿಧನರಾದರು. 1943ರಲ್ಲಿ 70 ಒಫಿಯೂಕಿಯ ಗ್ರಹ ಮೂರನೆಯ ಸಲ ತಲೆಯೆತ್ತಿತು: ವರ್ಜೀನಿಯಾದ ರಾಯ್ಲ್ ಮತ್ತು ಹೋಂಬರ್ಗ್ ಛಾಯಾಚಿತ್ರಗಳಿಂದ ಅದನ್ನು ಕಂಡೆವೆಂದರೆ, ಅದೇ ವರ್ಷ ಕಾಯ್ ಸ್ಟ್ರಾಂಡ್ 61 ಸಿಗ್ನಿ ಎಂಬ ಜೋಡಿಯಲ್ಲಿ ಇನ್ನೊಂದನ್ನು ಘೋಷಿಸಿದರು. ಸ್ಟ್ರಾಂಡ್ 1947ರಲ್ಲಿ ಎವನ್‌ಸ್ಟನ್ನಿಗೆ ಬಂದು ಡಿಯರ್ಬಾರ್ನ್ ನಿರ್ದೇಶಕರಾದರು. ಎರಡು ಗ್ರಹಗಳೂ ಮುಂದಿನ ಅಳತೆಗಳಲ್ಲಿ ಉಳಿಯಲಿಲ್ಲ.

ಸ್ಥಾನವನ್ನು ಅಳೆದು ಗ್ರಹವನ್ನು ಹಿಡಿಯುವ ದಾರಿ ಹೀಗೆ ಪದೇಪದೇ ಮುಗ್ಗರಿಸುತ್ತಿದ್ದಾಗ, ಬೇರೊಂದು ದಾರಿಯನ್ನು ತೋರಿದವರು ಯರ್ಕಿಸ್‌ನಲ್ಲಿ ಪಳಗಿದ ಆಟೋ ಸ್ಟ್ರೂವ್. ರಷ್ಯಾದ ಖ್ಯಾತ ಖಗೋಳಜ್ಞರ ಮನೆತನದ ಕುಡಿ. ಕ್ರಾಂತಿಯ ಕಾಲದ ಅಂತರ್ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು 1921ರಲ್ಲಿ ನಿರಾಶ್ರಿತನಾಗಿ ವಿಲಿಯಮ್ಸ್ ಬೇಗೆ ಬಂದವರು, 1932ರಿಂದ 1947ರವರೆಗೆ ಅಲ್ಲಿನ ನಿರ್ದೇಶಕರಾಗಿದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್, ಗೆರಾರ್ಡ್ ಕೈಪರ್ ಮೊದಲಾದ ತರುಣರನ್ನು ಕರೆತಂದರು. ಅವರ ಕ್ಷೇತ್ರ ರೋಹಿತ, ಅಂದರೆ ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣದ ಪಟ್ಟಿ ಮತ್ತು ಅದರೊಳಗಿನ ಕಪ್ಪು ಗೆರೆಗಳು. ನಕ್ಷತ್ರ ನಮ್ಮ ಕಡೆಗೆ ಸರಿದರೆ ಆ ಗೆರೆಗಳು ನೀಲಿಯತ್ತಲೂ ದೂರ ಸರಿದರೆ ಕೆಂಪಿನತ್ತಲೂ ಜರುಗುತ್ತವೆ; ಇದಕ್ಕೆ ಡಾಪ್ಲರ್ ಪರಿಣಾಮವೆಂದು ಹೆಸರು. ಬಿಸಿ ನಕ್ಷತ್ರಗಳು ರಭಸದಿಂದ ತಿರುಗುತ್ತವೆ, ಸೂರ್ಯನಂಥವು ನಿಧಾನವಾಗಿ ತಿರುಗುತ್ತವೆ ಎಂಬುದನ್ನು ಗೆರೆಗಳ ಅಗಲದಿಂದ ಕಂಡುಕೊಂಡಿದ್ದ ಸ್ಟ್ರೂವ್, ಸೂರ್ಯನಂಥ ನಕ್ಷತ್ರಗಳು ತಮ್ಮ ಕೋನೀಯ ಸಂವೇಗವನ್ನು ಗ್ರಹಗಳಿಗೆ ಒಪ್ಪಿಸಿರಬೇಕೆಂದು ಊಹಿಸಿದರು. ಹಾಗಾದರೆ ಗ್ರಹಗಳು ಅಪರೂಪವಲ್ಲ, ಎಲ್ಲೆಲ್ಲೂ ಇರಬೇಕು. 1952ರಲ್ಲಿ, ಬರ್ಕ್ಲಿಗೆ ಹೋದ ಬಳಿಕ, ಅವರು ಬರೆದ ಚುಟುಕು ಲೇಖನವೊಂದು ಹೀಗೆ ಲೆಕ್ಕ ಕಟ್ಟಿತು: ಗುರುವಿನಷ್ಟು ಭಾರದ ಗ್ರಹವು ನಕ್ಷತ್ರದಿಂದ ಖಗೋಳಮಾನದ 50ನೆಯ ಒಂದು ಪಾಲು ದೂರದಲ್ಲಿದ್ದರೆ ಸುಮಾರು ಒಂದೇ ದಿನದಲ್ಲಿ ಸುತ್ತು ಮುಗಿಸುತ್ತದೆ, ನಕ್ಷತ್ರವನ್ನು ಸೆಕೆಂಡಿಗೆ 0.2 ಕಿಲೋಮೀಟರಿನಷ್ಟು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ, ಆ ಎಳೆದಾಟವನ್ನು ಅಳೆಯಬಹುದು. ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿದ್ದರೆ ಗ್ರಹ ಅಡ್ಡಬಂದು ನಕ್ಷತ್ರ ಮಂಕಾಗುವುದನ್ನೂ ನೋಡಬಹುದು. ನಕ್ಷತ್ರಗಳ ತಿರುಗಾಟವನ್ನು ತಗ್ಗಿಸುವುದು ಬಹುಮಟ್ಟಿಗೆ ಅವುಗಳದೇ ಕಾಂತೀಯ ಮಾರುತವೆಂದು ಆಮೇಲೆ ತಿಳಿದುದರಿಂದ ಸ್ಟ್ರೂವ್ ಅವರ ಊಹೆಯ ತಳಪಾಯ ಸರಿಯಿರಲಿಲ್ಲವೆನ್ನಬೇಕು. ಅದರ ಮೇಲೆ ಅವರು ಕಟ್ಟಿದ ಯೋಜನೆ ಮಾತ್ರ ಅಕ್ಷರಶಃ ನಿಜವಾಯಿತು. ಆದರೂ 43 ವರ್ಷ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ, ಏಕೆಂದರೆ ಗುರುವಿನಂಥ ಗ್ರಹಗಳು ನಕ್ಷತ್ರದಿಂದ ದೂರವೇ ಇರಬೇಕೆಂದು ನಮ್ಮ ಸೌರವ್ಯೂಹ ಎಲ್ಲರಿಗೂ ಕಲಿಸಿಬಿಟ್ಟಿತ್ತು.

ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋ 1995ರಲ್ಲಿ 51 ಪೆಗಸಿ ನಕ್ಷತ್ರದ ಬಳಿ 4.2 ದಿನಕ್ಕೊಮ್ಮೆ ಸುತ್ತುವ ದೈತ್ಯನನ್ನು ಕಂಡದ್ದು ಈ ದಾರಿಯಿಂದಲೇ. ಉಪ್ಸಿಲಾನ್ ಆಂಡ್ರೊಮೀಡೆಯ ಒಳಗಿನ ಗ್ರಹ, 4.6 ದಿನಗಳ ಸುತ್ತಿನದು, ಅದರ ಬೆನ್ನಲ್ಲೇ ಸಿಕ್ಕಿತು. ಅದರ ಎಳೆತವನ್ನು ಕಳೆದ ಮೇಲೂ ಉಳಿದ ಏರಿಳಿತಗಳನ್ನು ಬಿಡಿಸುತ್ತ ಹೋದಾಗ ಸುಮಾರು 241 ದಿನಗಳ ಮತ್ತು ಸುಮಾರು ಮೂರೂವರೆ ವರ್ಷಗಳ ಇನ್ನೆರಡು ದೈತ್ಯಗ್ರಹಗಳು 1999ರಲ್ಲಿ ಹೊರಬಿದ್ದವು. ಹೊರಗಿನ ಎರಡರ ಕಕ್ಷೆಗಳು ಗುರು ಶನಿಗಳಂತೆ ದುಂಡಗಿರದೆ ಗಣನೀಯವಾಗಿ ಲಂಬಿಸಿದ್ದವು. ಗ್ರಹಗಳು ಹುಟ್ಟುವ ಅನಿಲದ ತಟ್ಟೆಯಲ್ಲಿ ದುಂಡು ಕಕ್ಷೆಗಳೇ ಮೂಡಬೇಕಾದ್ದರಿಂದ, ಇವನ್ನು ಕೆಡಿಸಿದ್ದು ಏನು ಎಂಬುದು ಕೂಡಲೇ ಎದ್ದ ಪ್ರಶ್ನೆ.

ಆ ಪ್ರಶ್ನೆಗೆ ಒಂದು ಉತ್ತರ ಬಂದದ್ದು ಡಿಯರ್ಬಾರ್ನ್ ವೀಕ್ಷಣಾಲಯವಿರುವ ಎವನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ. ಅಲ್ಲಿನ ಫ್ರೆಡರಿಕ್ ರಾಸಿಯೋ ಮತ್ತು ವೆರೀನ್ ಲಿಸ್ಟಾಡ್, ಬರ್ಕ್ಲಿಯ ಎರಿಕ್ ಫೋರ್ಡ್ ಜೊತೆಗೂಡಿ, ಈ ಗ್ರಹಗಳ ಚಲನೆಯನ್ನು ಗಣಕದಲ್ಲಿ ಸಹಸ್ರಾರು ವರ್ಷಗಳುದ್ದಕ್ಕೆ ಓಡಿಸಿ ನೋಡಿದರು. ನಡುವಿನ ಗ್ರಹದ ಕಕ್ಷೆ ಕೆಲವು ಸಾವಿರ ವರ್ಷಗಳಿಗೊಮ್ಮೆ ಮತ್ತೆ ಹೆಚ್ಚುಕಡಿಮೆ ದುಂಡಗಾಗುತ್ತದೆ, ಆಮೇಲೆ ಪುನಃ ಲಂಬಿಸುತ್ತದೆ ಎಂಬುದು ಅವರಿಗೆ ಕಂಡಿತು. ಮೊದಲು ದುಂಡಗಿದ್ದ ವ್ಯವಸ್ಥೆಯಲ್ಲಿ ಹೊರಗಿನ ಗ್ರಹಕ್ಕೆ ಒಮ್ಮೆಗೇ ದೊಡ್ಡ ಧಕ್ಕೆ ತಗುಲಿದ್ದರೆ ಮಾತ್ರ ಇಂಥ ನೆನಪು ಉಳಿಯುತ್ತದೆ. ಆದ್ದರಿಂದ ಅಲ್ಲಿ ನಾಲ್ಕನೆಯದೊಂದು ಗ್ರಹವಿತ್ತು, ಅದು ಹೊರಗಿನ ಗ್ರಹದ ತೀರ ಸಮೀಪ ಬಂದು ಅದನ್ನು ಕದಲಿಸಿ ತಾನು ಆ ವ್ಯೂಹದಿಂದಲೇ ಎಸೆಯಲ್ಪಟ್ಟಿತು ಎಂದು ಅವರು 2005ರ ಏಪ್ರಿಲ್‌ನಲ್ಲಿ ವಾದಿಸಿದರು. ಇಲ್ಲೂ ಒಂದು ಕಾಣದ ಗ್ರಹವಿದೆ, ಸೀ ಅವರ ಕತ್ತಲ ಕಾಯದಂತೆಯೇ. ಆದರೆ ಮೌಲ್ಟನ್ ಯಾವ ಪರೀಕ್ಷೆಯಿಂದ ಒಂದು ಗ್ರಹವನ್ನು ಇಲ್ಲವಾಗಿಸಿದರೋ ಅದೇ ಪರೀಕ್ಷೆಯಿಂದ ಈಗ ಎವನ್‌ಸ್ಟನ್ನಿನವರು ಒಂದು ಗ್ರಹ ಹಿಂದೆ ಇತ್ತೆಂದು ಹೇಳಿದರು. ಎರಡು ಕಡೆಯೂ ತೀರ್ಪು ಕೊಟ್ಟದ್ದು, ಕಾಯಗಳು ಪರಸ್ಪರ ಸೆಳೆಯುತ್ತ ದೀರ್ಘಕಾಲ ಹೇಗೆ ಬಾಳುತ್ತವೆಂಬ ಲೆಕ್ಕವೇ. ಆನ್ ಆರ್ಬರಿನ ಫ್ರೆಡ್ ಆಡಮ್ಸ್ ಕೂಡ ಇದೇ ವರ್ಷಗಳಲ್ಲಿ, ದೈತ್ಯಗ್ರಹಗಳು ಕಿಕ್ಕಿರಿದ ವ್ಯೂಹಗಳಲ್ಲಿ ಒಂದನ್ನೊಂದು ತಳ್ಳಾಡಿ ಹೊರಗೆಸೆಯುವ ಬಗೆಯನ್ನು ಸಹೋದ್ಯೋಗಿಗಳೊಡನೆ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಈ ವಿವರಣೆಯನ್ನೂ ಅಂತಿಮವೆಂದು ಹಿಡಿಯಲಾಗದು. ಗೆರೆಗಳ ಜರುಗಾಟದಿಂದ ನಕ್ಷತ್ರದ ಹಿಂದುಮುಂದಿನ ವೇಗವಷ್ಟೇ ತಿಳಿಯುತ್ತದೆ, ಕಕ್ಷೆಯ ವಾಲು ತಿಳಿಯುವುದಿಲ್ಲ, ಆದ್ದರಿಂದ ಗ್ರಹದ ಭಾರಕ್ಕೆ ಕನಿಷ್ಠ ಮಿತಿಯನ್ನು ಮಾತ್ರ ಹೇಳಬಹುದು. ಆ ಕೊರತೆಯನ್ನು ತುಂಬಲು ಟೆಕ್ಸಾಸಿನ ಬಾರ್ಬರಾ ಮೆಕಾರ್ಥರ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ನೆರವಿನಿಂದ ನಕ್ಷತ್ರದ ಸ್ಥಾನವನ್ನು ಆರ್ಕ್‌ಸೆಕೆಂಡಿನ ಸಾವಿರದೊಂದು ಪಾಲಿನ ಆಸುಪಾಸಿನ ಸೂಕ್ಷ್ಮತೆಯಲ್ಲಿ ಅಳೆದು, ಹೊರಗಿನ ಎರಡು ಗ್ರಹಗಳ ಕಕ್ಷಾತಲಗಳು ಒಂದೇ ಮಟ್ಟದಲ್ಲಿರದೆ ಪರಸ್ಪರ ಸುಮಾರು 30 ಡಿಗ್ರಿ ಓರೆಯಾಗಿವೆ ಎಂದು 2010ರಲ್ಲಿ ತೋರಿಸಿದರು. ಅವರ ಲೆಕ್ಕದಂತೆ ಅವುಗಳ ಭಾರ ಗುರುವಿನ ಸುಮಾರು 14 ಮತ್ತು 10 ಪಟ್ಟು. ಬರ್ನಂ ಜೇಡರ ಎಳೆಯಿಂದ ಮಾಡುತ್ತಿದ್ದ ಸ್ಥಾನಮಾಪನದ ವಿದ್ಯೆಯೇ ಹೀಗೆ ಬೇರೊಂದು ಅಂತಸ್ತಿನಲ್ಲಿ ಮರಳಿಬಂದಿತು. 2002ರಲ್ಲಿ ಪತ್ತೆಯಾದಂತೆ ಈ ನಕ್ಷತ್ರಕ್ಕೆ ಸುಮಾರು 750 ಖಗೋಳಮಾನ ದೂರದಲ್ಲಿ ಒಂದು ಮಂಕು ಕೆಂಪು ಸಂಗಾತಿಯೂ ಇರುವುದರಿಂದ, ಇದು ಬರ್ನಂ ಅವರ ಸೂಚಿಗೆ ಸಲ್ಲಬೇಕಿದ್ದ ಜೋಡಿಯೇ ಹೌದು. ಎಲ್ಲ ಗ್ರಹಗಳೂ ಒಂದೇ ಮಟ್ಟದಲ್ಲಿವೆಯೆಂದು ಭಾವಿಸಿ ಮಾಡಿದ 2005ರ ಲೆಕ್ಕವನ್ನು, ಈ ಓರೆಯನ್ನೂ ಹೆಚ್ಚಿದ ಭಾರವನ್ನೂ ಸೇರಿಸಿಕೊಂಡು ಮತ್ತೆ ಮಾಡಬೇಕಾಯಿತು. ಗ್ರಹವೊಂದು ಎಸೆಯಲ್ಪಟ್ಟಿದ್ದರಿಂದಲೇ ಓರೆಯೂ ಬಂತೇ, ದೂರದ ಸಂಗಾತಿಯ ಕೈವಾಡವೂ ಅದರಲ್ಲಿ ಇತ್ತೇ ಎಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ.